ಪಿಟಿಎಫ್‌ಇ ಫೈನ್ ಪೌಡರ್: ಟ್ಯೂಬ್ ಸೀಳುತ್ತಿದೆ, ಒತ್ತಡ ಏರಿಳಿಯುತ್ತಿದೆ. ತಪ್ಪು ಮಷಿನ್‌ದೋ, ಪುಡಿದೋ?

ತಾರಿಹಾಳ_ಟ್ಯೂಬ್

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಯುನಿಟ್ ಇದೆ. ಏಳು ವರ್ಷದಿಂದ ಇಲ್ಲಿನ ವಾಲ್ವ್ ಕಂಪನಿಗಳಿಗೆ ಟೆಫ್ಲಾನ್ (ಪಿಟಿಎಫ್‌ಇ) ಸೀಟು, ಗ್ಯಾಸ್ಕೆಟ್ ಮಾಡಿ ಕೊಡುತ್ತಿದ್ದೇವೆ. ರಾಡ್ ತರುವುದು, ಕತ್ತರಿಸುವುದು, ಲೇತ್‌ಗೆ ಹಾಕುವುದು, ಇಷ್ಟೇ ಕೆಲಸ. ಈ ವರ್ಷ ಜನವರಿಯಲ್ಲಿ ಧೈರ್ಯ ಮಾಡಿ ಸೆಕೆಂಡ್ ಹ್ಯಾಂಡ್ ಪೇಸ್ಟ್ ಎಕ್ಸ್‌ಟ್ರೂಡರ್ ಒಂದನ್ನು ತಂದೆವು. ದ್ರವ ಕಲಸಿದ ಪುಡಿಯನ್ನು ಒತ್ತಿ ಟ್ಯೂಬ್ ತೆಗೆಯುವ ಮಷಿನ್ ಅದು. ಪುಡಿಯಿಂದಲೇ ಟ್ಯೂಬ್ ಮಾಡಬೇಕು ಅಂತ ಆಸೆ.

ಜನವರಿ, ಫೆಬ್ರವರಿಯಲ್ಲಿ 5 ಎಂಎಂ ಟ್ಯೂಬ್ ಮಾಡಿದೆವು. ಚೆನ್ನಾಗಿಯೇ ಬಂತು. ಏಪ್ರಿಲ್‌ನಲ್ಲಿ ವೈರ್ ಮೇಲೆ ಹಾಕುವ ಸಣ್ಣ ಸ್ಲೀವ್‌ಗೆ ಆರ್ಡರ್ ಸಿಕ್ಕಿತು. ಅಲ್ಲಿಂದ ಶುರುವಾಯಿತು ನೋಡಿ ತೊಂದರೆ. ರ‍್ಯಾಮ್ (ಪುಡಿಯನ್ನು ದೂಡುವ ಪಿಸ್ಟನ್) ಒತ್ತಡ ಒಂದೇ ಕಡೆ ನಿಲ್ಲುವುದಿಲ್ಲ, ಏರುತ್ತಲೇ ಹೋಗುತ್ತದೆ, ಒಮ್ಮೆಲೆ ಇಳಿಯುತ್ತದೆ, ಮತ್ತೆ ಏರುತ್ತದೆ. ಡೈಯಿಂದ (ಟ್ಯೂಬ್ ಹೊರಬರುವ ಬಾಯಿ) ಬರುವ ಹಸಿ ಟ್ಯೂಬ್ ಮೈ ಒರಟು. ಕೆಲವು ಕಡೆ ಉದ್ದಕ್ಕೆ ಸೀಳು ಬಿಟ್ಟಿರುತ್ತದೆ. ಓವನ್ ದಾಟಿ ಬಂದದ್ದರಲ್ಲಿ ಸಣ್ಣ ಗುಳ್ಳೆಗಳು, ಅಲ್ಲಲ್ಲಿ ಕಂದು ಗೆರೆ. ಕೆಲವು ತುಂಡು ಬಗ್ಗಿಸಿದರೆ ಪಟಕ್ಕನೆ ಮುರಿಯುತ್ತವೆ, ಸೀಮೆಸುಣ್ಣದ ಹಾಗೆ.

ಮಷಿನ್ ಕೊಟ್ಟವರು ಪುಡಿ ಸರಿ ಇಲ್ಲ ಅನ್ನುತ್ತಾರೆ. ಪುಡಿ ಕೊಟ್ಟವರು ಮಷಿನ್ ಹಳೆಯದು ಅನ್ನುತ್ತಾರೆ. ನಡುವೆ ನಾನು ಎರಡು ಡ್ರಮ್ ಪುಡಿ ಕಳೆದುಕೊಂಡು ಕೂತಿದ್ದೇನೆ. ಈ ಪುಡಿಯ ರೇಟು ನಿಮಗೆಲ್ಲ ಗೊತ್ತಿದ್ದದ್ದೇ.

ನಾವು ಮಾಡುತ್ತಿರುವುದು ಹೀಗೆ. ಸಿಲಿಂಡರ್ ಒಳ ಅಳತೆ 50 ಎಂಎಂ, ನಡುವಿನ ಮ್ಯಾಂಡ್ರೆಲ್ (ಸರಳು) 16 ಎಂಎಂ. ಹಳೆ ಟ್ಯೂಬ್‌ಗೆ ಡೈ 5 ಎಂಎಂ, ಟ್ಯೂಬಿನ ತೂತಿಗೆ ಕೋರ್ ಪಿನ್ 3.5 ಎಂಎಂ ಇತ್ತು. ಹೊಸದಕ್ಕೆ ಡೈ 1.6 ಎಂಎಂ, ಪಿನ್ 1 ಎಂಎಂ. ಲೂಬ್ (ಪುಡಿಗೆ ಕಲಸುವ ಜಾರು ದ್ರವ) 18 ಶೇಕಡಾ, ಅಂದರೆ 10 ಕೆಜಿ ಪುಡಿಗೆ 1.8 ಲೀಟರ್. ಡ್ರಮ್ ಶೆಡ್ಡಿನಲ್ಲೇ ಗೋಡೆ ಪಕ್ಕ ಇಟ್ಟಿರುತ್ತೇವೆ. ಪುಡಿಯಲ್ಲಿ ಗಂಟು ಇರುತ್ತದೆ, ಹುಡುಗರು ಜರಡಿ ಮೇಲೆ ಕೈಯಿಂದ ಉಜ್ಜಿ ಇಳಿಸುತ್ತಾರೆ. ಪ್ಯಾಡಲ್ ಮಿಕ್ಸರ್‌ನಲ್ಲಿ ಅರ್ಧ ಗಂಟೆ ಕಲಸುತ್ತೇವೆ. ಕೂಡಲೇ ಪ್ರೀಫಾರ್ಮ್ (ಪುಡಿಯ ಗಟ್ಟಿ ಉರುಳೆ) ಒತ್ತಿ ಮಷಿನ್‌ಗೆ ಹಾಕುತ್ತೇವೆ. ಓವನ್ ಮೂರು ಝೋನ್: 200, 300, 380 ಡಿಗ್ರಿ.

ತಪ್ಪು ಎಲ್ಲಿದೆ ಅಂತ ತಿಳಿದವರು ಹೇಳಿ. ಇದೇ ತಿಂಗಳು ಆರ್ಡರ್ ಕೊಡಬೇಕು.

ಹಳೆ_ಫಿಟ್ಟರ್

ತಮ್ಮಾ, ನಿನ್ನ ಪೋಸ್ಟ್ ಎರಡು ಸಲ ಓದಿದೆ. ಮಷಿನ್ ಹತ್ತಿರ ಹೋಗುವ ಮುಂಚೆಯೇ ನಿನ್ನ ಪುಡಿ ಕೆಟ್ಟಿರುತ್ತದೆ. ಮಷಿನ್ ಬಿಚ್ಚಬೇಡ. ಮೊದಲು ಡ್ರಮ್ ಇಟ್ಟ ಜಾಗ ನೋಡು.

ನಾನು ಇಪ್ಪತ್ತೆರಡು ವರ್ಷ ಇದೇ ಪುಡಿಯ ಜೊತೆ ಇದ್ದವನು. ಮೊದಲು ರ‍್ಯಾಮ್ ಎಕ್ಸ್‌ಟ್ರೂಷನ್, ಆಮೇಲೆ ಪೇಸ್ಟ್. ಲೇತ್ ಕೆಲಸದಿಂದ ಬಂದವರು ಟೆಫ್ಲಾನ್ ಅಂದರೆ ಗಟ್ಟಿ ವಸ್ತು, ಏನು ಮಾಡಿದರೂ ಏನೂ ಆಗುವುದಿಲ್ಲ ಅಂದುಕೊಂಡಿರುತ್ತಾರೆ. ಬೆಂದ ಮೇಲೆ ಅದು ನಿಜ. ಬೇಯುವ ಮುಂಚೆ ಫೈನ್ ಪೌಡರ್‌ನಷ್ಟು ಸೂಕ್ಷ್ಮ ವಸ್ತು ಇನ್ನೊಂದಿಲ್ಲ.

ಪಿಟಿಎಫ್‌ಇ ಪುಡಿಯಲ್ಲಿ ಎರಡು ಜಾತಿ. ಒಂದು ಗ್ರಾನ್ಯುಲರ್. ನೀನು ಸೀಟು ಮಾಡುತ್ತಿದ್ದ ರಾಡ್ ಅದರದ್ದು. ಅದನ್ನು ಅಚ್ಚಿನಲ್ಲಿ ಒತ್ತಿ ಬೇಯಿಸುತ್ತಾರೆ, ಇಲ್ಲ ರ‍್ಯಾಮ್‌ನಿಂದ ಕಾದ ಕೊಳವೆಯೊಳಗೆ ಸ್ವಲ್ಪ ಸ್ವಲ್ಪವೇ ದೂಡುತ್ತಾರೆ. ಇನ್ನೊಂದು ಫೈನ್ ಪೌಡರ್, ಈಗ ನಿನ್ನ ಕೈಯಲ್ಲಿರುವುದು. ಕಣ್ಣಿಗೆ ಕಾಣುವ ಕಾಳು ಸುಮಾರು ಅರ್ಧ ಎಂಎಂ. ಆದರೆ ಆ ಒಂದೊಂದು ಕಾಳು ಲೆಕ್ಕವಿಲ್ಲದಷ್ಟು ಪುಟ್ಟ ಕಣಗಳ ಮುದ್ದೆ, ಒಂದೊಂದು ಕಣ 0.2ರಿಂದ 0.3 ಮೈಕ್ರಾನ್. ಈ ಕಣಗಳ ಗುಣ ಏನಪ್ಪಾ ಅಂದರೆ, ಒಂದರ ಮೇಲೊಂದು ಉಜ್ಜಿದರೆ ಎಳೆ ಬಿಡುತ್ತವೆ. ಜೇಡರ ಬಲೆಯ ಹಾಗೆ ನಾರು ನಾರಾಗುತ್ತವೆ. ಆ ನಾರು ಡೈಯಲ್ಲಿ ಹುಟ್ಟಬೇಕು, ಟ್ಯೂಬ್ ಉದ್ದಕ್ಕೆ ಸಾಲಾಗಿ ಕೂರಬೇಕು. ಹಸಿ ಟ್ಯೂಬಿಗೆ ಶಕ್ತಿ ಬರುವುದೇ ಅದರಿಂದ. ನಿನ್ನಲ್ಲಿ ಅದು ಜರಡಿ ಮೇಲೆ, ಹುಡುಗರ ಅಂಗೈ ಕೆಳಗೆ ಹುಟ್ಟುತ್ತಿದೆ. ಉಳಿದದ್ದು ಪ್ಯಾಡಲ್ ಮಿಕ್ಸರ್‌ನಲ್ಲಿ. ಡೈಗೆ ಬರುವ ಹೊತ್ತಿಗೆ ಅರ್ಧ ಪುಡಿ ಗಂಟು ಗಂಟಾದ ನಾರು, ಅರ್ಧ ಸರಿ ಇರುವ ಪುಡಿ. ಒತ್ತಡ ಏರಿಳಿಯದೆ ಇನ್ನೇನಾಗುತ್ತದೆ?

ಮನೆಯಲ್ಲಿ ಚಕ್ಕುಲಿ ಒತ್ತುವುದನ್ನು ನೋಡಿದ್ದೀಯಲ್ಲ. ಪೇಸ್ಟ್ ಎಕ್ಸ್‌ಟ್ರೂಷನ್ ಅಂದರೆ ಅದೇ ಒರಳು. ಹಿಟ್ಟು ತುಂಬುವುದು, ಮೇಲಿಂದ ಒತ್ತುವುದು. ವ್ಯತ್ಯಾಸ ಒಂದೇ. ಚಕ್ಕುಲಿ ಹಿಟ್ಟನ್ನು ಚೆನ್ನಾಗಿ ನಾದಬೇಕು. ಇದನ್ನು ನಾದಲೇಬಾರದು.

ಈಗ ತಾಪಮಾನದ ಮಾತು. 19 ಡಿಗ್ರಿ, ಈ ಸಂಖ್ಯೆಯನ್ನು ಗೋಡೆ ಮೇಲೆ ಬರೆಸಿಬಿಡು. ಪಿಟಿಎಫ್‌ಇ ಹರಳಿನ ರಚನೆ 19 ಡಿಗ್ರಿಯಲ್ಲಿ ಒಮ್ಮೆ, 30 ಡಿಗ್ರಿಯಲ್ಲಿ ಇನ್ನೊಮ್ಮೆ ಬದಲಾಗುತ್ತದೆ. 19ಕ್ಕಿಂತ ಕೆಳಗೆ ಕಣ ಗಡುಸು. ಅಲುಗಾಡಿಸಿದರೂ ಎಳೆ ಬಿಡುವುದಿಲ್ಲ. ಮೇಲೆ ಹೋದಂತೆ ಮೆತ್ತಗಾಗುತ್ತದೆ, ಸುಮ್ನೆ ಡ್ರಮ್ ಕುಲುಕಿದರೂ ಗಂಟು ಕಟ್ಟುತ್ತದೆ. ನೀನು ಜನವರಿಯಲ್ಲಿ ಬೆಳಿಗ್ಗೆ ಬೇಗ ಕೆಲಸ ಶುರು ಮಾಡಿರಬೇಕು. ನಮ್ಮ ಕಡೆ ಆಗ ಚಳಿ, ಶೆಡ್ ತಂಪಾಗಿತ್ತು, ನಿನಗೆ ಗೊತ್ತಿಲ್ಲದೆಯೇ ಎಲ್ಲ ಸರಿಹೋಯಿತು. ಏಪ್ರಿಲ್‌ನಲ್ಲಿ ತಗಡಿನ ಶೆಡ್ ಒಳಗೆ ಎಷ್ಟಿರುತ್ತದೆ ಅಂತ ಥರ್ಮಾಮೀಟರ್ ಇಟ್ಟು ನೋಡು, ನಿನಗೇ ಅರ್ಥವಾಗುತ್ತದೆ.

ಅದಕ್ಕೆ ಹೀಗೆ ಮಾಡು. ಒಂದು ಸಣ್ಣ ಕೋಣೆಗೆ ಎಸಿ ಹಾಕಿಸು, 18ಕ್ಕೆ ಇಡು. ಡ್ರಮ್ ಅಲ್ಲಿ ಒಂದು ಇಡೀ ದಿನ ಮುಚ್ಚಿಯೇ ಇರಲಿ, ಒಳಗಿನ ತನಕ ತಂಪಾಗಬೇಕು. ಪುಡಿ ಶಾಖವನ್ನು ಸುಲಭವಾಗಿ ಬಿಡುವುದಿಲ್ಲ, ಎರಡು ತಾಸು ಸಾಕಾಗುವುದಿಲ್ಲ. ಅದೇ ಕೋಣೆಯಲ್ಲಿ ತೆರೆದು, ಅಲ್ಲೇ 4 ಎಂಎಂ ಜರಡಿ ಮೇಲೆ ಮೆಲ್ಲಗೆ ಅಲ್ಲಾಡಿಸಿ ಇಳಿಸು. ಇಳಿಯದ ಗಂಟನ್ನು ಉಜ್ಜಬೇಡ, ಪಕ್ಕಕ್ಕಿಡು, ಮತ್ತೆ ತಂಪು ಮಾಡಿ ನೋಡು. ಡ್ರಮ್ಮಿನಿಂದ ಪುಡಿ ತೆಗೆಯುವಾಗ ಒತ್ತಿ ಒತ್ತಿ ತುಂಬಿಕೊಳ್ಳಬೇಡ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ: ತಂಪಾದ ಡ್ರಮ್ಮನ್ನು ಹೊರಗೆ ತಂದು ತೆರೆದರೆ ಗಾಳಿಯ ತೇವ ಪುಡಿ ಮೇಲೆ ಕೂರುತ್ತದೆ, ಫ್ರಿಜ್ಜಿನಿಂದ ತೆಗೆದ ತಂಬಿಗೆಯ ಮೇಲೆ ನೀರು ಕೂರುವ ಹಾಗೆ.

ಪ್ಯಾಡಲ್ ಮಿಕ್ಸರ್ ಮಾರಿಬಿಡು. ಅಗಲ ಬಾಯಿಯ ಪಾತ್ರೆಯಲ್ಲಿ ಅರ್ಧದಿಂದ ಮುಕ್ಕಾಲಿಗೆ ಸ್ವಲ್ಪ ಕಡಿಮೆ ತುಂಬಿಸು, ಲೂಬ್ ಹಾಕು, ಮುಚ್ಚಳ ಬಿಗಿ ಮಾಡು, ರೋಲರ್ ಮೇಲೆ ಮಲಗಿಸಿ ನಿಮಿಷಕ್ಕೆ 20-30 ಸುತ್ತಿನಲ್ಲಿ ಸುಮಾರು 20 ನಿಮಿಷ ಉರುಳಿಸು. ಸಾಕು. ಆಮೇಲೆ ಕೂಡಲೇ ಒತ್ತಬೇಡ. ಮುಚ್ಚಿದ ಪಾತ್ರೆಯಲ್ಲೇ 12 ಗಂಟೆಗೆ ಕಡಿಮೆ ಇಲ್ಲದಂತೆ, ಸಾಧ್ಯವಾದರೆ ಇಡೀ ಒಂದು ದಿನ ಬಿಡು. ಈಗ ತಂಪು ಬೇಡ, 25ರಿಂದ 35 ಡಿಗ್ರಿ ಇರಲಿ. ಲೂಬ್ ಮುದ್ದೆಯ ಒಳಗಿನ ತನಕ ಇಳಿಯಬೇಕಲ್ಲ, ಅದಕ್ಕೆ ಹೊತ್ತು ಬೇಕು.

ಇನ್ನು ಡೈ ಲೆಕ್ಕ. ನೀನು ಬರೆದ ಅಳತೆಯಿಂದಲೇ ತೆಗೆದೆ. ಸಿಲಿಂಡರ್ ಕಡೆ 50ರ ವರ್ಗದಲ್ಲಿ 16ರ ವರ್ಗ ಕಳೆದರೆ 2244. ಹಳೆ ಡೈಗೆ 25ರಲ್ಲಿ 12.25 ಕಳೆದರೆ 12.75. ಭಾಗಿಸಿದರೆ 176. ಹೊಸ ಡೈಗೆ 2.56ರಲ್ಲಿ 1 ಕಳೆದರೆ 1.56. ಭಾಗಿಸಿದರೆ 1438. ಇದೇ ರಿಡಕ್ಷನ್ ರೇಷಿಯೋ, ಅಂದರೆ ಸಿಲಿಂಡರಿನ ಜಾಗ ಡೈಯಲ್ಲಿ ಎಷ್ಟು ಪಟ್ಟು ಕಿರಿದಾಗುತ್ತದೆ ಅನ್ನುವುದು. ನೀನು 176ರಿಂದ ಒಂದೇ ಸಲ 1438ಕ್ಕೆ ಹಾರಿದ್ದೀಯ, ಅದೂ ಅದೇ ಪುಡಿ ಇಟ್ಟುಕೊಂಡು! ಯಾವ ಗ್ರೇಡ್ ಅಂತ ಬರೆದಿಲ್ಲ. ಟೇಪ್ ಮಾಡುವ ಗ್ರೇಡ್ ಆಗಿದ್ದರೆ ಅದು ಕಡಿಮೆ ರೇಷಿಯೋದ್ದು, ಬೇಗ ಎಳೆ ಬಿಡುತ್ತದೆ, ಸಣ್ಣ ಡೈಯಲ್ಲಿ ಒತ್ತಡ ತಡೆಯಲಾರದೆ ಸೀಳುತ್ತದೆ. ತೆಳು ಸ್ಲೀವ್‌ಗೆ, ವೈರ್‌ಗೆ ಬೇರೆ ಗ್ರೇಡ್ ಬರುತ್ತದೆ, ಡೇಟಾ ಶೀಟಿನಲ್ಲಿ ಎಷ್ಟು ರೇಷಿಯೋ ತನಕ ಅಂತ ಬರೆದೇ ಇರುತ್ತಾರೆ. ಪುಡಿ ಕೊಟ್ಟವರನ್ನು ಅದೊಂದು ಕೇಳು.

ಧಾರವಾಡ_ಲ್ಯಾಬ್

ಅಣ್ಣಾವರು ಹೇಳಿದ್ದೆಲ್ಲ ಸರಿ. ನಾನು ಧಾರವಾಡದಲ್ಲಿ ಪಾಲಿಮರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ, ಕೇಳಿದವರ ಪೋಸ್ಟಿನಲ್ಲಿ ನನಗೆ ಬೇರೆಯೇ ಒಂದು ಸಾಲು ಕಣ್ಣಿಗೆ ಬಿತ್ತು. "10 ಕೆಜಿಗೆ 1.8 ಲೀಟರ್." ಸರ್, ಲೂಬ್ ಅನ್ನು ಲೀಟರ್‌ನಲ್ಲಿ ಅಳೆಯಬೇಡಿ. ದಯವಿಟ್ಟು ತಕ್ಕಡಿ ಬಳಸಿ.

ಐಸೋಪ್ಯಾರಾಫಿನ್ ಲೂಬ್ (ಪೆಟ್ರೋಲಿಯಂ ದ್ರವ) ನೀರಿಗಿಂತ ಹಗುರ, ಸಾಂದ್ರತೆ ಸುಮಾರು 0.76. ಹಾಗಾದರೆ ನಿಮ್ಮ 1.8 ಲೀಟರ್ ಅಂದರೆ ಹೆಚ್ಚುಕಡಿಮೆ 1.37 ಕೆಜಿ. ನೂರು ಪಾಲು ಪುಡಿಗೆ 13.7 ಪಾಲು ಮಾತ್ರ. ನೀವು 18 ಅಂದುಕೊಂಡಿದ್ದೀರಿ. ಇಷ್ಟು ಕಡಿಮೆ ಲೂಬ್ ಇಟ್ಟುಕೊಂಡು 1438 ರೇಷಿಯೋದಲ್ಲಿ ಒತ್ತಿದರೆ ಒತ್ತಡ ಏರುತ್ತಲೇ ಹೋಗುವುದರಲ್ಲಿ ಆಶ್ಚರ್ಯವೇ ಇಲ್ಲ.

ಇದರಲ್ಲಿ ಇನ್ನೊಂದು ಗೊಂದಲವೂ ಇದೆ. ಕೆಲವರು ನೂರು ಪಾಲು ಪುಡಿಗೆ ಇಷ್ಟು ಅನ್ನುತ್ತಾರೆ, ಕೆಲವರು ಒಟ್ಟು ಮಿಶ್ರಣದಲ್ಲಿ ಇಷ್ಟು ಶೇಕಡಾ ಅನ್ನುತ್ತಾರೆ. 10 ಕೆಜಿ ಪುಡಿಗೆ ಮೊದಲ ಲೆಕ್ಕದಲ್ಲಿ 18 ಅಂದರೆ 1.8 ಕೆಜಿ. ಎರಡನೆಯ ಲೆಕ್ಕದಲ್ಲಿ 2.2 ಕೆಜಿ. 400 ಗ್ರಾಂ ವ್ಯತ್ಯಾಸ. ನಿಮಗೆ 18 ಅಂತ ಹೇಳಿದವರು ಯಾವ ಲೆಕ್ಕದಲ್ಲಿ ಹೇಳಿದರು ಅಂತ ಕೇಳಿಕೊಳ್ಳಿ. ಹಾಗಂತ ಭಯಪಟ್ಟು ಜಾಸ್ತಿ ಸುರಿಯಲೂಬೇಡಿ. ಲೂಬ್ ಜಾಸ್ತಿಯಾದರೆ ಒತ್ತಡ ಇಳಿಯುತ್ತದೆ, ನೋಡಲು ಖುಷಿ, ಆದರೆ ಕಣಗಳು ಒಂದಕ್ಕೊಂದು ಉಜ್ಜದೆ ಜಾರಿಹೋಗುತ್ತವೆ. ನಾರು ಹುಟ್ಟುವುದಿಲ್ಲ. ಹಸಿ ಟ್ಯೂಬ್ ತನ್ನ ಭಾರಕ್ಕೇ ಜೋತುಬಿದ್ದು ತುಂಡಾಗುತ್ತದೆ. ಒಂದೊಂದೇ ಪಾಲು ಬದಲಿಸಿ, ಒಂದು ಸಲಕ್ಕೆ ಒಂದೇ ಬದಲಾವಣೆ, ಬರೆದಿಡಿ.

ಇನ್ನು ಓವನ್. ನೀವು ಹೇಳಿದ ಗುಳ್ಳೆ, ಕಂದು ಗೆರೆ, ಮುರಿಯುವುದು, ಈ ಮೂರೂ ಅಲ್ಲಿನವು. ಲೂಬ್ ಪೂರ್ತಿ ಹೋಗುವ ಮುಂಚೆಯೇ ಟ್ಯೂಬ್ ಬಿಸಿ ಝೋನಿಗೆ ಹೋಗುತ್ತಿದೆ. ಒಳಗೆ ಉಳಿದದ್ದು ಕುದಿದು ಗುಳ್ಳೆಯಾಗುತ್ತದೆ. ಇನ್ನೂ ಉಳಿದದ್ದು 380 ಡಿಗ್ರಿಯಲ್ಲಿ ಸುಟ್ಟು ಕಂದಾಗುತ್ತದೆ. ಒಮ್ಮೆಲೆ 200ಕ್ಕೆ ಹಾಕುವ ಬದಲು ಮೊದಲ ಝೋನ್ 120-150ರ ಹತ್ತಿರ, ಎರಡನೆಯದು 250ರ ಒಳಗೆ ಇಟ್ಟು, ಎಳೆಯುವ ವೇಗ ಇಳಿಸಿ ನೋಡಿ. ನಿಮ್ಮ ಲೂಬ್ ಎಷ್ಟಕ್ಕೆ ಕುದಿಯುತ್ತದೆ ಅನ್ನುವುದು ಅದರ ಶೀಟಿನಲ್ಲಿರುತ್ತದೆ, ಝೋನ್ ಅದಕ್ಕೆ ಹೊಂದಬೇಕು. ಲೂಬ್ ಹೋದ ಮೇಲೆ ಬೇಯಿಸುವುದು 360ರಿಂದ 390 ನಡುವೆ.

ಅದೇ 380 ಝೋನ್ ಇದ್ದರೂ ಕೆಲವು ತುಂಡು ಸೀಮೆಸುಣ್ಣದ ಹಾಗೆ ಮುರಿಯುತ್ತವೆ ಅಂದಿರಲ್ಲ, ಅವು ಬೆಂದಿಲ್ಲ. ಓವನ್ ಗಾಳಿ 380 ಇರಬಹುದು, ಟ್ಯೂಬ್ ಆ ತಾಪಕ್ಕೆ ಬರುವಷ್ಟು ಹೊತ್ತು ಅಲ್ಲಿ ಇರಲಿಲ್ಲ. ಇದನ್ನು ಡಿಎಸ್‌ಸಿ ಟೆಸ್ಟಿನಲ್ಲಿ (ತುಂಡನ್ನು ಕಾಯಿಸುತ್ತಾ ಎಷ್ಟು ತಾಪಕ್ಕೆ ಕರಗುತ್ತದೆ ಅಂತ ನೋಡುವುದು) ಒಂದೇ ಸಲಕ್ಕೆ ಹಿಡಿಯಬಹುದು. ಹೊಸ ಪುಡಿ ಮೊದಲ ಸಲ ಕರಗುವುದು 342 ಡಿಗ್ರಿ ಆಸುಪಾಸು. ಒಮ್ಮೆ ಕರಗಿ ತಣಿದ ಮೇಲೆ ಮತ್ತೆ ಕರಗುವುದು 327ರಲ್ಲಿ. ನಿಮ್ಮ ಟ್ಯೂಬಿನ ತುಂಡಿನಲ್ಲಿ ಗ್ರಾಫಿನ 342ರ ಗುಡ್ಡ ಇನ್ನೂ ಕಂಡರೆ ಒಳಗೆ ಹಸಿ ಉಳಿದಿದೆ ಅಂತ ಅರ್ಥ. ಟೆಸ್ಟ್ ಇಲ್ಲದೆಯೂ ಒಂದು ಗುರುತಿದೆ: ಓವನ್ ಕೊನೆಯಲ್ಲಿ ಕಿಂಡಿ ಇದ್ದರೆ ನೋಡಿ, ಬೆಂದ ಟ್ಯೂಬ್ ಬಿಸಿಯಲ್ಲಿರುವಾಗ ಗಾಜಿನ ಹಾಗೆ ಪಾರದರ್ಶಕವಾಗಿರುತ್ತದೆ, ತಣಿದ ಮೇಲೆ ಹಾಲುಬಣ್ಣಕ್ಕೆ ತಿರುಗುತ್ತದೆ. ಪಾರದರ್ಶಕ ಆಗಲೇ ಇಲ್ಲ ಅಂದರೆ ಬೆಂದಿಲ್ಲ.

ಕಂದು ಚುಕ್ಕೆ, ಗೆರೆಯಲ್ಲ, ಚುಕ್ಕೆ ಬಂದರೆ ಅದು ಬೇರೆ ಕಥೆ. ಈ ಪುಡಿಗೆ ಸ್ಟಾಟಿಕ್ ಜಾಸ್ತಿ, ಧೂಳನ್ನು ಎಳೆದುಕೊಳ್ಳುತ್ತದೆ. ನಮ್ಮ ಕಡೆ ಗಾಳಿಯಲ್ಲಿ ಹತ್ತಿಯ ನೂಲು, ಕೆಂಪು ಧೂಳು ಎರಡೂ ಇವೆ. ಹತ್ತಿ ಎಳೆ ಒಂದು ಒಳಗೆ ಹೋದರೂ 380ರಲ್ಲಿ ಕರಿಯಾಗಿ ಕಾಣುತ್ತದೆ. ಜರಡಿ ಕೋಣೆಯಲ್ಲಿ ಬನಿಯನ್ ಬಟ್ಟೆಯ ವೇಸ್ಟ್‌ನಿಂದ ಒರೆಸುವುದನ್ನು ನಿಲ್ಲಿಸಿ.

ರಾಣೆಬೆನ್ನೂರು_ಪೈಪ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಹಳೆ ಪಿವಿಸಿ ಪೈಪ್ ಎಕ್ಸ್‌ಟ್ರೂಡರ್ ಸುಮ್ನೆ ನಿಂತಿದೆ, ಸ್ಕ್ರೂ ಚೆನ್ನಾಗಿದೆ. ಇಷ್ಟೆಲ್ಲ ಎಸಿ, ಜರಡಿ, ಲೂಬ್ ಅಂತ ಕಷ್ಟಪಡುವ ಬದಲು ಆ ಪುಡಿಯನ್ನೇ ಸ್ಕ್ರೂಗೆ ಹಾಕಿ ಕರಗಿಸಿ ಎಳೆಯಬಾರದಾ? ಎಫ್‌ಇಪಿ, ಪಿವಿಡಿಎಫ್ ಅಂತ ಬೇರೆ ಪುಡಿಗಳೂ ಇವೆಯಂತೆ, ಅವು ಸ್ಕ್ರೂನಲ್ಲಿ ಓಡುತ್ತವೆ ಅಂತ ಕೇಳಿದ್ದೇನೆ. ಕುಮಾರಪಟ್ಟಣದ ಕಡೆ ಕೆಮಿಕಲ್ ಕೆಲಸಕ್ಕೆ ಇಂಥ ಪೈಪ್ ಕೇಳುವವರಿದ್ದಾರೆ.

ಧಾರವಾಡ_ಲ್ಯಾಬ್

ಪಿಟಿಎಫ್‌ಇ ಅನ್ನು ಸ್ಕ್ರೂಗೆ ಹಾಕಲೇಬೇಡಿ. ಅದು ಕರಗುತ್ತದೆ, ಆದರೆ ಹರಿಯುವುದಿಲ್ಲ. 380 ಡಿಗ್ರಿಯಲ್ಲೂ ಅದು ಮೆತ್ತನೆ ರಬ್ಬರಿನ ಹಾಗೆ ಇದ್ದಲ್ಲೇ ಇರುತ್ತದೆ, ಸ್ಕ್ರೂ ತಿರುಗಿಸಿದರೆ ಹರಿದು ಚಿಂದಿಯಾಗುತ್ತದೆ ಅಷ್ಟೆ. 1938ರ ಏಪ್ರಿಲ್‌ನಲ್ಲಿ ರಾಯ್ ಪ್ಲಂಕೆಟ್ ಗ್ಯಾಸ್ ಸಿಲಿಂಡರ್ ಒಳಗೆ ಈ ಬಿಳಿ ಪುಡಿ ಕಂಡಾಗಿನಿಂದ ಇದೇ ತಲೆನೋವು. ಪ್ಲಾಸ್ಟಿಕ್ ಮಷಿನ್‌ಗಳು ಕೆಲಸಕ್ಕೆ ಬರಲಿಲ್ಲ, ಲೋಹದ ಪುಡಿಯನ್ನು ಒತ್ತಿ ಬೇಯಿಸುವ ವಿದ್ಯೆಯನ್ನೇ ಇದಕ್ಕೆ ತರಬೇಕಾಯಿತು.

ಎಫ್‌ಇಪಿ, ಪಿಎಫ್‌ಎ ಅನ್ನುವ ಇದರ ಸೋದರ ಪ್ಲಾಸ್ಟಿಕ್‌ಗಳು ಹುಟ್ಟಿದ್ದೇ ಈ ಕಷ್ಟ ತಪ್ಪಿಸಲು. ಎಫ್‌ಇಪಿ ಸುಮಾರು 260ರಲ್ಲಿ, ಪಿಎಫ್‌ಎ ಸುಮಾರು 305ರಲ್ಲಿ ಕರಗುತ್ತವೆ, ಸ್ಕ್ರೂನಲ್ಲಿ ನಿಜವಾಗಿಯೂ ಹರಿಯುತ್ತವೆ. ಆದರೆ ನಿಮ್ಮ ಪಿವಿಸಿ ಮಷಿನ್‌ನಲ್ಲಿ ಅಲ್ಲ. ಇವನ್ನು ಓಡಿಸಲು ಬ್ಯಾರಲ್ 350 ದಾಟಬೇಕು, ನಿಮ್ಮ ಹೀಟರ್ ಅಲ್ಲಿ ತನಕ ಹೋಗುವುದಿಲ್ಲ. ಹೀಟರ್ ಬದಲಿಸಿದರೂ ಇನ್ನೊಂದು ದೊಡ್ಡ ತೊಂದರೆ ಇದೆ. ಆ ಬಿಸಿಯಲ್ಲಿ ಸ್ವಲ್ಪವಾದರೂ ಹೈಡ್ರೋಜನ್ ಫ್ಲೋರೈಡ್ ಬಿಡುತ್ತದೆ. ಅದು ಸಾಮಾನ್ಯ ಉಕ್ಕನ್ನು ತಿನ್ನುತ್ತದೆ, ತಿಂದ ಉಕ್ಕಿನ ಬಣ್ಣ ಮಾಲಿಗೆ ಬರುತ್ತದೆ. ಅದಕ್ಕೇ ಸ್ಕ್ರೂ, ಬ್ಯಾರಲ್, ಡೈ ಎಲ್ಲ ಹ್ಯಾಸ್ಟಲಾಯ್, ಇನ್‌ಕೊನೆಲ್‌ನಂಥ ನಿಕ್ಕಲ್ ಮಿಶ್ರಲೋಹದ್ದು ಬೇಕು. ಡೈಯಲ್ಲಿ ವೇಗ ಮಿತಿ ದಾಟಿದರೆ ಮೈ ಶಾರ್ಕ್ ಚರ್ಮದ ಹಾಗೆ ಒರಟಾಗುತ್ತದೆ, ನಿಧಾನವೇ ಗತಿ.

ಪಿವಿಡಿಎಫ್ ನಿಮಗೆ ಹತ್ತಿರ. ಕರಗುವುದು ಸುಮಾರು 170ರಲ್ಲಿ, ಓಡಿಸುವುದು 200-240ರ ಆಸುಪಾಸು. ಕೆಮಿಕಲ್ ಪೈಪಿಗೆ ಒಳ್ಳೆಯ ವಸ್ತು, ಜೋರು ಕ್ಷಾರ ಮಾತ್ರ ಅದಕ್ಕೆ ಆಗುವುದಿಲ್ಲ, ಹಾಗಾಗಿ ಕಾಸ್ಟಿಕ್ ಹರಿಯುವ ಲೈನಿಗೆ ಕೊಡಬೇಡಿ. ಮಷಿನ್‌ನಲ್ಲಿ ಪಿವಿಸಿ ಒಂದು ಚೂರೂ ಉಳಿಯಬಾರದು. ಪಾಲಿಥೀನ್ ಹಾಕಿ ತೊಳೆದು, ಸ್ಕ್ರೂ ಹೊರಗೆಳೆದು ಒರೆಸಿ. ಬೋರಾನ್ ಇರುವ ಗ್ರೀಸ್, ಗ್ಲಾಸ್ ಫೈಬರ್ ಹತ್ತಿರ ಸುಳಿಯಬಾರದು, ಬಿಸಿಯಲ್ಲಿ ಪಿವಿಡಿಎಫ್ ಅವುಗಳಿಂದ ಬೇಗ ಒಡೆಯುತ್ತದೆ. ಇದರ ಬಗ್ಗೆ ಹೊಸ ಪ್ರಶ್ನೆ ಹಾಕಿ, ವಿವರವಾಗಿ ಬರೆಯುತ್ತೇನೆ.

ಹಳೆ_ಫಿಟ್ಟರ್

ಒಂದು ಮಾತು ಯಾರೂ ಬರೆದಿಲ್ಲ, ಅದಕ್ಕೆ ಮತ್ತೆ ಬಂದೆ. ತಮ್ಮಾ, ನಿನ್ನ ಹುಡುಗರು ಬೀಡಿ ಸೇದುತ್ತಾರಾ? ಆ ಕೋಣೆಯಲ್ಲಿ ಬೀಡಿ, ಸಿಗರೇಟು ಪೂರ್ತಿ ಬಂದ್. ಕೈಗೆ ಅಂಟಿದ ಪುಡಿ ಬೀಡಿಗೆ ಹತ್ತಿ, ಕೆಂಡದಲ್ಲಿ ಸುಟ್ಟು, ಆ ಹೊಗೆ ಎದೆಗೆ ಹೋದರೆ ಕೆಲವು ತಾಸಿನಲ್ಲಿ ಚಳಿ ಜ್ವರ, ಮೈಕೈ ನೋವು, ಎದೆ ಬಿಗಿತ. ಪಾಲಿಮರ್ ಫ್ಯೂಮ್ ಫೀವರ್ ಅನ್ನುತ್ತಾರೆ. ನನಗೇ ಬಂದಿತ್ತು, ಮೊದಲ ವರ್ಷದಲ್ಲಿ. ಮಲೇರಿಯಾ ಅಂದುಕೊಂಡು ರಕ್ತ ಪರೀಕ್ಷೆ ಮಾಡಿಸಿದೆ, ಎರಡು ದಿನದಲ್ಲಿ ತಾನೇ ಇಳಿಯಿತು. ಹತ್ತು ದಿನ ಬಿಟ್ಟು ಮತ್ತೆ ಬಂತು. ನಮ್ಮ ಹಿರಿಯ ಫೋರ್‌ಮನ್ ಒಬ್ಬರು ಕೈ ತೊಳೆದು ಸೇದುತ್ತೀಯಾ ಅಂತ ಕೇಳಿದಾಗಲೇ ಗೊತ್ತಾಗಿದ್ದು. ಓವನ್ ಮೇಲೆ ಎಕ್ಸಾಸ್ಟ್ ಇರಲೇಬೇಕು, 400 ದಾಟಲೇಬಾರದು.

ಲೂಬ್ ಬೆಂಕಿಯ ವಸ್ತು ಅನ್ನುವುದು ನೆನಪಿರಲಿ. ಸುರಿಯುವಾಗ ಲೋಹದ ಪಾತ್ರೆಗೆ ಅರ್ತಿಂಗ್ ಕ್ಲಿಪ್ ಹಾಕು. ಕರೆಂಟ್ ಹೋಯಿತು ಅನ್ನು, ಎಕ್ಸಾಸ್ಟ್ ಫ್ಯಾನ್ ನಿಲ್ಲುತ್ತದೆ, ಓವನ್ ಮಾತ್ರ ಬಿಸಿ ಇರುತ್ತದೆ, ಲೂಬ್ ಆವಿ ಒಳಗೇ ತುಂಬುತ್ತದೆ. ಕರೆಂಟ್ ಬಂದ ಕೂಡಲೇ ಹೀಟರ್ ಹಾಕಿದರೆ ಅನಾಹುತ. ಮೊದಲು ಫ್ಯಾನ್, ಕೆಲವು ನಿಮಿಷ ಗಾಳಿ ಓಡಲಿ, ಆಮೇಲೆ ಹೀಟರ್. ಇದನ್ನು ಹುಡುಗರ ನೆನಪಿಗೆ ಬಿಡಬೇಡ, ಎಲೆಕ್ಟ್ರಿಷಿಯನ್ ಕರೆಸಿ, ಫ್ಯಾನ್ ಓಡದೆ ಹೀಟರ್ ಹತ್ತದ ಹಾಗೆ ಇಂಟರ್‌ಲಾಕ್ ಮಾಡಿಸು. ವೇಸ್ಟ್ ಆದ ಟ್ಯೂಬನ್ನು ಹಿತ್ತಲಲ್ಲಿ ಸುಡುವುದೂ ಬೇಡ. ಅದರ ಹೊಗೆ ವಿಷ. ಬೆಂದ ವೇಸ್ಟನ್ನು ಕೊಳ್ಳುವವರಿದ್ದಾರೆ, ಬೇರೆ ಚೀಲದಲ್ಲಿ ಸ್ವಚ್ಛವಾಗಿ ತೆಗೆದಿಡು.

ತಾರಿಹಾಳ_ಟ್ಯೂಬ್

ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಮೊದಲು ಅಣ್ಣನಿಗೆ, ಅಕ್ಕನಿಗೆ ಕೈ ಮುಗಿಯುತ್ತೇನೆ.

ಗ್ರೇಡ್ ಕೇಳಿದೆ. ಟೇಪ್ ಗ್ರೇಡೇ ಇತ್ತು! ಬಿಲ್ಲಿನಲ್ಲಿ ಬರೀ ಫೈನ್ ಪೌಡರ್ ಅಂತ ಇತ್ತು, ನಾನೂ ಕೇಳಿರಲಿಲ್ಲ. ಹೆಚ್ಚು ರೇಷಿಯೋದ ಒಂದು ಡ್ರಮ್ ತರಿಸಿದೆ. ಆಫೀಸಿನ ಎಸಿಯನ್ನೇ ಕಳಚಿ ಒಂದು ಸಣ್ಣ ಕೋಣೆಗೆ ಹಾಕಿಸಿದೆ, ನಾನು ಫ್ಯಾನ್ ಕೆಳಗೆ ಕೂತರೂ ನಡೆಯುತ್ತದೆ, ಪುಡಿಗೆ ನಡೆಯುವುದಿಲ್ಲ. ಶೆಡ್ಡಿನಲ್ಲಿ ಮಧ್ಯಾಹ್ನ ಥರ್ಮಾಮೀಟರ್ ಇಟ್ಟೆ, 39 ತೋರಿಸಿತು. ಡ್ರಮ್ ಇಟ್ಟ ಗೋಡೆ ಪಕ್ಕ 41.

ಜರಡಿಯಲ್ಲಿ ಮೊದಲ ದಿನವೇ ವ್ಯತ್ಯಾಸ ಕಂಡಿತು. ತಂಪಾದ ಪುಡಿ ರವೆಯ ಹಾಗೆ ಉದುರಿತು. ಹುಡುಗರಿಗೇ ಆಶ್ಚರ್ಯ. ಇಷ್ಟು ದಿನ ಉಜ್ಜಿ ಉಜ್ಜಿ ಅವರ ಕೈ ನೋಯುತ್ತಿತ್ತು. ಲೂಬ್ ತಕ್ಕಡಿಯಲ್ಲಿ ತೂಗಿದೆವು, ನೂರು ಪಾಲಿಗೆ 18 ಪಾಲು, ಉರುಳಿಸಿ ಒಂದು ದಿನ ಬಿಟ್ಟೆವು. ಪ್ರೀಫಾರ್ಮ್ ನಿಧಾನಕ್ಕೆ ಒತ್ತಿ ಗಾಳಿ ಹೋಗಲು ಬಿಟ್ಟೆವು, ಚದರ ಸೆಂಟಿಮೀಟರಿಗೆ 20 ಕೆಜಿ ಒತ್ತಡ ಸಾಕಾಯಿತು. ಮೊದಲು ನಾವು ಅದರ ಎರಡರಷ್ಟಕ್ಕಿಂತ ಹೆಚ್ಚು ಹಾಕುತ್ತಿದ್ದೆವು, ಗಟ್ಟಿಯಾದಷ್ಟೂ ಒಳ್ಳೆಯದು ಅಂದುಕೊಂಡು. ಡೈಗೆ 50 ಡಿಗ್ರಿ ಬಿಸಿ ಕೊಟ್ಟೆವು. ರ‍್ಯಾಮ್ ಒತ್ತಡದ ಮುಳ್ಳು ಶುರುವಿನಲ್ಲಿ ಒಮ್ಮೆ ಏರಿ, ಆಮೇಲೆ ಪ್ರೀಫಾರ್ಮ್ ಮುಗಿಯುವ ತನಕ ಒಂದೇ ಕಡೆ ನಿಂತಿತು. ನಾನು ಮಷಿನ್ ಪಕ್ಕದಿಂದ ಕದಲಲಿಲ್ಲ. ಸೀಳು ಇಲ್ಲ.

ಓವನ್ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಝೋನ್ ಬದಲಿಸಿ ವೇಗ ಇಳಿಸಿದ ಮೇಲೆ ಗುಳ್ಳೆ ಹೋಯಿತು, ಕಂದು ಗೆರೆಯೂ ಹೋಯಿತು. ಆದರೆ ಬೆಳಿಗ್ಗೆಯ ಮೊದಲ ಕೆಲವು ಮೀಟರ್ ಇನ್ನೂ ಮುರಿಯುತ್ತದೆ. ಕಿಂಡಿ ಇಲ್ಲ, ಹಾಕಿಸುತ್ತಿದ್ದೇನೆ. ಇನ್ನೊಂದು ಸಂಶಯ. ಅದೇ ಟ್ಯೂಬನ್ನು ಎಸಿ ಕೋಣೆಯಲ್ಲಿ ಅಳೆದರೆ ಒಂದು ಅಳತೆ, ಶೆಡ್ಡಿನಲ್ಲಿ ಅಳೆದರೆ ಸ್ವಲ್ಪ ಜಾಸ್ತಿ. ಮೈಕ್ರೋಮೀಟರ್ ಕೆಟ್ಟಿದೆಯಾ?

ಇಂಟರ್‌ಲಾಕ್ ನಿನ್ನೆ ಹಾಕಿಸಿದೆ ಅಣ್ಣಾ. ಬೀಡಿ ಬಂದ್.

ಧಾರವಾಡ_ಲ್ಯಾಬ್

ಮೈಕ್ರೋಮೀಟರ್ ಸರಿ ಇದೆ ಸರ್. ಬೆಂದ ಟ್ಯೂಬಿಗೂ ಅದೇ 19 ಡಿಗ್ರಿ ಬಿಡುವುದಿಲ್ಲ. ಆ ಗಡಿ ದಾಟುವಾಗ ಪಿಟಿಎಫ್‌ಇ ಗಾತ್ರ 1ರಿಂದ 1.8 ಶೇಕಡಾ ತನಕ ಬದಲಾಗುತ್ತದೆ. ನಿಮ್ಮ ಎಸಿ ಕೋಣೆ ಗಡಿಯ ಒಂದು ಕಡೆ, ಶೆಡ್ ಇನ್ನೊಂದು ಕಡೆ. ವ್ಯಾಸದಲ್ಲಿ ಅದರ ಮೂರನೇ ಒಂದು ಪಾಲು ಕಾಣುತ್ತದೆ. ಗಿರಾಕಿಗೆ ಕೊಡುವ ಅಳತೆಯನ್ನು 23 ಡಿಗ್ರಿಯಲ್ಲಿ ತೆಗೆದುಕೊಳ್ಳಿ, ಟ್ಯೂಬನ್ನು ಅಲ್ಲಿ ಕೆಲವು ತಾಸು ಬಿಟ್ಟು ಅಳೆಯಿರಿ. ಬಿಲ್ಲಿನ ಜೊತೆ ಯಾವ ತಾಪದಲ್ಲಿ ಅಳೆದಿದ್ದು ಅಂತಲೂ ಬರೆಯಿರಿ, ಡಿಸೆಂಬರ್‌ನಲ್ಲಿ ಜಗಳ ತಪ್ಪುತ್ತದೆ.

ಬೆಳಿಗ್ಗೆಯ ತುಂಡು ಮುರಿಯುವುದಕ್ಕೆ, ಓವನ್ ಮುಳ್ಳು 380 ತೋರಿಸಿದ ಕೂಡಲೇ ಶುರು ಮಾಡುತ್ತೀರಾ? ಒಳಗಿನ ಗೋಡೆ ಇನ್ನೂ ತಣ್ಣಗಿರುತ್ತದೆ. ಮುಕ್ಕಾಲು ಗಂಟೆ ಖಾಲಿ ಓಡಿಸಿ ಆಮೇಲೆ ಟ್ಯೂಬ್ ಬಿಡಿ. ಮೊದಲ ಮೀಟರ್‌ನದ್ದೊಂದು ತುಂಡು, ಮಧ್ಯಾಹ್ನದ್ದೊಂದು ತುಂಡು, ಬೇರೆ ಬೇರೆ ಚೀಟಿ ಹಾಕಿ ತನ್ನಿ. ಎರಡನ್ನೂ ಡಿಎಸ್‌ಸಿಗೆ ಹಾಕಿ ನೋಡೋಣ.

ತಾರಿಹಾಳ_ಟ್ಯೂಬ್

ಹೌದು, ಮುಳ್ಳು ನೋಡಿ ಕೂಡಲೇ ಬಿಡುತ್ತಿದ್ದೆವು. ನಾಳೆಯಿಂದ ಖಾಲಿ ಓಡಿಸುತ್ತೇನೆ. ಗುರುವಾರ ಧಾರವಾಡಕ್ಕೆ ಬರುವ ಕೆಲಸ ಇದೆ, ಎರಡೂ ತುಂಡು ತರುತ್ತೇನೆ ಅಕ್ಕಾ.